ಮಗನ ಆಟ, ಅಪ್ಪನ ಹಟ

ರವಿವಾರ ಸಂಜೆ ಬಾಗಲಕೋಟೆ ನವನಗರದ ಖಾಲಿ ಸೈಟುಗಳ ಕಡೆಗೋ, ಹುನಗುಂದದ ಹೊರಗಿನ ಮಡ್ಡಿಗೋ ಹೋದವರಿಗೆ ಈ ನೋಟ ಹೊಸದಲ್ಲ. ಮೀಸೆ ಮೂಡದ ಹುಡುಗ ಅಪ್ಪನ ಗಾಡಿ ಏರಿ ಮಣ್ಣಿನ ದಿಬ್ಬ ಹಾರಿಸುತ್ತಾನೆ. ಅಪ್ಪ ಮೊಬೈಲ್ ಹಿಡಿದು ದೂರ ನಿಂತಿರುತ್ತಾನೆ. “ರೇಸ್ ಕೊಡಲೇ, ಅಂಜತಿ ಯಾಕ?” ಎಂದು ಕೂಗುತ್ತಾನೆ. ಮರುದಿನ ಅಂಗಡಿ ಕಟ್ಟೆಯ ಮೇಲೆ ಅದೇ ಸುದ್ದಿ: “ನಮ್ಮ ಹುಡುಗ ಇನ್ನಾ ಏಳನೇತ್ತಾ, ಗಾಡಿ ಹ್ಯಾಂಗ ಹಾರಸ್ತಾನ ನೋಡ್ರಿ!”

ಮಣ್ಣಿನ ಹಾದಿಯಲ್ಲಿ ಗಾಡಿ ಹಾರಿಸುವ ಮೋಟೋಕ್ರಾಸ್ ಕೆಟ್ಟ ಆಟವೇನಲ್ಲ. ಧೈರ್ಯ, ಮೈಹತೋಟಿ ಎರಡನ್ನೂ ಕಲಿಸುವ ಆಟ ಅದು. ಆದರೆ ಅದಕ್ಕೆ ಬೇರೆ ಅಂಕಣ, ಮಗುವಿನ ಮೈಯಳತೆಗೆ ತಕ್ಕ ಸಣ್ಣ ಗಾಡಿ, ತಲೆಗೆ ಸರಿಯಾಗಿ ಕೂಡುವ ಹೆಲ್ಮೆಟ್, ಎದೆ-ಮೊಣಕಾಲಿಗೆ ಕವಚ, ಪಕ್ಕದಲ್ಲಿ ಗುರು, ದಂಡೆಯಲ್ಲಿ ಆಂಬುಲೆನ್ಸ್ ಬೇಕು. ಅಪ್ಪನ ಗಾಡಿ, ಅಣ್ಣನ ಸಡಿಲ ಹೆಲ್ಮೆಟ್, ಊರ ಮಂದಿಯ ಚಪ್ಪಾಳೆ ಇಷ್ಟೇ ಇದ್ದರೆ ಅದು ಆಟವಲ್ಲ, ಜೂಜು. ಬೆಳೆಯುವ ಮಕ್ಕಳ ಎಲುಬಿನ ತುದಿ ಇನ್ನೂ ಎಳೆಯದು. ಅಲ್ಲಿ ಬಿದ್ದ ಪೆಟ್ಟು ಕೈಕಾಲಿನ ಬೆಳವಣಿಗೆಯನ್ನೇ ಕುಂಠಿತಗೊಳಿಸಬಹುದು.

ಎಲ್ಲ ವ್ಯವಸ್ಥೆ ಇದ್ದಲ್ಲಿಯೂ ಅಪಾಯ ತಪ್ಪಿದ್ದಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ಎಂಬ ಬಾಲಕ ರಾಷ್ಟ್ರೀಯ ಮೋಟಾರ್‌ಸೈಕಲ್ ಸ್ಪರ್ಧೆಯಲ್ಲಿ ಬಿದ್ದು ಪ್ರಾಣ ಬಿಟ್ಟ. ಆತನಿಗೆ 13 ವರ್ಷ. ನುರಿತ ಹುಡುಗ, ಸಾಲಿನಲ್ಲಿ ಮೊದಲನೆಯವನಾಗಿ ಹೊರಟಿದ್ದ. ಆಂಬುಲೆನ್ಸ್ ಟ್ರ್ಯಾಕಿನಲ್ಲೇ ಇತ್ತು. ಹಾಗಿದ್ದೂ ಉಳಿಯಲಿಲ್ಲ. ಎಲ್ಲ ಇದ್ದಲ್ಲಿ ಹೀಗಾದರೆ, ಏನೂ ಇಲ್ಲದ ನಮ್ಮ ಮಡ್ಡಿಗಳಲ್ಲಿ ಗತಿ ಏನು?

“ಸಣ್ಣಂದಿರತ್ಲೆ ಹಚ್ಚದಿದ್ರ ಮುಂದ ಬರೂದಿಲ್ರಿ” ಎಂಬ ವಾದವೂ ಉಂಟು. 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದು ಬಂದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಗಾಡಿ ಹಿಡಿದದ್ದೇ 18ರ ಹರೆಯದಲ್ಲಿ. ತಡವಾಗಿ ಹೊರಟವರೂ ಮುಟ್ಟುವಲ್ಲಿ ಮುಟ್ಟುತ್ತಾರೆ.

ನಮ್ಮ ಕಡೆಯ ಗರಡಿ ಮನೆಗಳಿಗೆ ಈ ವಿದ್ಯೆ ಹಳೆಯದು. ಹೊಸ ಹುಡುಗನನ್ನು ಉಸ್ತಾದ ಬಂದ ದಿನವೇ ಕಣಕ್ಕೆ ಬಿಡುವುದಿಲ್ಲ. ಮೊದಲು ಕೆಮ್ಮಣ್ಣು ಹದ ಮಾಡಿಸುತ್ತಾನೆ, ಬೈಠಕ್ ತೆಗೆಸುತ್ತಾನೆ, ಬೀಳುವುದನ್ನು ಕಲಿಸುತ್ತಾನೆ. ಜೋಡಿ ನೋಡಿಯೇ ಕುಸ್ತಿ ಹಚ್ಚುತ್ತಾನೆ. ಹುಡುಗ “ಇವತ್ತ ಬ್ಯಾಡ್ರಿ” ಅಂದರೆ ಅವನ ಮುಖ ನೋಡುತ್ತಾನೆ, ಬೈಯುವುದಿಲ್ಲ. ಗಾಡಿಯ ವಿಷಯದಲ್ಲಿ ಮಾತ್ರ ಈ ಬುದ್ಧಿ ಅಪ್ಪಂದಿರಿಗೆ ಯಾಕೆ ಮರೆತು ಹೋಗುತ್ತದೆ?

ಇಳಕಲ್ಲಿನಿಂದ ಹುನಗುಂದಕ್ಕೆ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ಇದನ್ನೂ ಕಂಡಿರಬೇಕು: ಹೆದ್ದಾರಿಯ ಲಾರಿಗಳ ನಡುವೆ, ಒಂದೇ ಗಾಡಿಯ ಮೇಲೆ ಶಾಲೆಯ ಅಂಗಿ ತೊಟ್ಟ ಮೂವರು. ಮಡ್ಡಿಯಲ್ಲಿ ಹೊಗಳಿಸಿಕೊಂಡವನೇ ನಾಳೆ ರಸ್ತೆಗೆ ಬರುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಒಂದು ಸಂಜೆಯ ಹಮ್ಮಿಗೆ ಇಷ್ಟು ಬೆಲೆಯೇ?

ವೇಗದ ಹಸಿವು ಮಕ್ಕಳಿಗೆ ಇರುವುದೇ. ಅದನ್ನು ಹಿಸುಕಬೇಕಿಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ನಾಡಿಗೆ ಒಳ್ಳೊಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಮೊದಲು ಸೈಕಲ್ ಕೊಡಿಸಿ. ತೋಲ, ಬ್ರೇಕು, ತಿರುವು ಅಲ್ಲೇ ಕಲಿಯಲಿ. ಮುಂದೆ ಗಾಡಿಯೇ ಬೇಕೆಂದರೆ ಗುರು ಇರುವ ಅಂಕಣಕ್ಕೆ ಕರೆದುಕೊಂಡು ಹೋಗಿ. ಬಿದ್ದು ಬಂದ ದಿನ “ಎಷ್ಟನೇ ನಂಬರ್ ಬಂದಿ?” ಎನ್ನದೆ “ಎಲ್ಲಿ ನೋಯ್ತೈತಿ?” ಎಂದು ಕೇಳಿ. ಸಾಕೆಂದರೆ ಸಾಕೆನ್ನಿ.

ಇನ್ನು ಕ್ರೀಡಾ ಇಲಾಖೆಯವರು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಮಕ್ಕಳು ನಿರ್ಭಯವಾಗಿ ಸೈಕಲ್ ತುಳಿಯುವಂಥ ಒಂದೊಂದು ಮೈದಾನವನ್ನಾದರೂ ಹದಗೊಳಿಸಬಾರದೇ? ಪೊಲೀಸರು ವಾರಕ್ಕೊಮ್ಮೆ ಮಡ್ಡಿಗಳ ಕಡೆ ಸುತ್ತು ಹಾಕಬಾರದೇ? ಸಂಬಂಧಪಟ್ಟವರು ಇತ್ತ ಗಮನ ಕೊಡಲಿ. ಅಲ್ಲಿಯವರೆಗೆ ಗಾಡಿಯ ಕೀಲಿ ಅಪ್ಪನ ಕಿಸೆಯಲ್ಲೇ ಇರಲಿ.