ಕೊಟೇಷನ್ ಆಮೇಲೆ, ಮೊದಲು ಅಂಗಡಿ ನೋಡೋಣ

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೊಟೇಷನ್ ಪಿಡಿಎಫ್‌ಗಳ ಸುರಿಮಳೆ. ಟೀಶರ್ಟ್‌ಗೆ ಮೂರು, ಸೌಂಡ್ ಸಿಸ್ಟಮ್‌ಗೆ ಎರಡು, ಪ್ರಾಜೆಕ್ಟಿನ ಪಿಸಿಬಿಗೆ ನಾಲ್ಕು. ಪೋಲ್ ಹಾಕ್ತೀವಿ, ಕಡಿಮೆ ರೇಟಿನವರು ಗೆಲ್ತಾರೆ, ಅಡ್ವಾನ್ಸ್ ಹೋಗುತ್ತೆ. ದುಡ್ಡು ತಗೊಂಡವರ ಮುಖ ನಮ್ಮಲ್ಲಿ ಒಬ್ಬರೂ ನೋಡಿರುವುದಿಲ್ಲ. ಈ ಪದ್ಧತಿ ನಿಲ್ಲಬೇಕು ಅನ್ನೋದು ನಮ್ಮ ವಾದ.

"ಇಷ್ಟಕ್ಕೆಲ್ಲ ಯಾರು ಹೋಗಿ ನೋಡ್ತಾರೆ?" ಅನ್ನುವವರಿಗೆ ಕೆಜಿಎಫ್‌ನದೇ ಉದಾಹರಣೆ ಇದೆ. ಇಲ್ಲಿನ ಗಣಿಗಳಿಗೆ ಶಿವನಸಮುದ್ರದಿಂದ ಕರೆಂಟ್ ತರುವ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು. ಆಗ ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯುರೋಪ್, ಅಮೆರಿಕಾಗಳಿಗೇ ಹೋಗಿ ವಿಚಾರಿಸಿ ಬಂದರು, ಅದೂ ಹಡಗಿನಲ್ಲಿ. ಕೊನೆಗೆ ಟರ್ಬೈನ್ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕಾದ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದಾಟಿ ಕರೆಂಟ್ ಗಣಿಗೆ ಮುಟ್ಟಿತು. (ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಈ ವಿಷಯದಲ್ಲಿ ನಾವು ಸೀನಿಯರ್ಸ್!) ಅಷ್ಟು ಉದ್ದದ ಲೈನ್ ಆಗ ಪ್ರಪಂಚದಲ್ಲೇ ಅಪರೂಪ. ಕಾಗದದ ಮೇಲಿನ ರೇಟ್ ಒಂದನ್ನೇ ನಂಬಿ ಮಾಡುವ ಕೆಲಸ ಆಗಿರಲಿಲ್ಲ ಅದು.

ನಾವು ಹಡಗು ಹತ್ತಬೇಕಿಲ್ಲ. ಟೀಶರ್ಟ್‌ಗೆ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಸುತ್ತಿದರೆ ಸಾಕು. ಕಾಂಪೊನೆಂಟ್ಸ್‌ಗೆ ಮಾರಿಕುಪ್ಪಂ ರೈಲು ಹಿಡಿದರೆ ಬೆಂಗಳೂರು, ಅಲ್ಲಿಂದ ಎಸ್‌ಪಿ ರೋಡ್. ಹೋದರೆ ಏನು ಗೊತ್ತಾಗುತ್ತೆ? ಮೊದಲನೆಯದು, ಆತನ ಹತ್ತಿರ ಮಷೀನ್ ಇದೆಯೋ ಅಥವಾ ನಮ್ಮ ಆರ್ಡರ್ ಇನ್ನೊಬ್ಬರಿಗೆ ದಾಟಿಸಿ ನಡುವೆ ಕಮಿಷನ್ ತಿನ್ನುತ್ತಾನೋ ಅನ್ನೋದು. ಮಧ್ಯವರ್ತಿ ಆದರೆ, ಪ್ರಿಂಟ್ ಕೆಟ್ಟಾಗ ಬೈಯೋಕೆ ಸಿಗುವವನಿಗೆ ಸರಿಮಾಡುವ ಕೈ ಇರಲ್ಲ. ಬಟ್ಟೆ ಮುಟ್ಟಿ ನೋಡಬಹುದು, ಪ್ರಿಂಟ್ ಎಳೆದು ನೋಡಬಹುದು. ಫೋಟೋದಲ್ಲಿ ಎಲ್ಲ ಟೀಶರ್ಟೂ ಚೆನ್ನಾಗೇ ಇರುತ್ತೆ. ಬಂಗಾರಪೇಟೆ ಪಾನಿಪುರಿಯನ್ನೇ ನೋಡಿ: ಫೋಟೋದಲ್ಲಿ ಆ ಪಾನಿ ಬರೀ ಕುಡಿಯೋ ನೀರು. ಗಾಡಿ ಮುಂದೆ ನಿಂತು ಒಂದು ಬಾಯಿಗೆ ಹಾಕಿಕೊಂಡಾಗಲೇ ಕಣ್ಣಲ್ಲಿ ನೀರು ಬರೋದು.

ಇದರಲ್ಲೂ ಒಂದು ಅಪಾಯ ಇದೆ, ಒಪ್ಪುತ್ತೀವಿ. ಟೀ ಕುಡಿಸಿ "ನೀವು ನಮ್ಮ ಮಕ್ಕಳಿದ್ದಂಗೆ" ಅಂದುಬಿಟ್ಟರೆ ರೇಟ್ ಕೇಳೋಕೂ ನಾಚಿಕೆ ಆಗುತ್ತೆ. ಅದಕ್ಕೇ ಒಬ್ಬರೇ ಹೋಗಬಾರದು. ಇಬ್ಬರು ಹೋಗಿ, ಕನಿಷ್ಠ ಎರಡು ಅಂಗಡಿ ನೋಡಿ, ಅಲ್ಲೇ ಯಾವುದಕ್ಕೂ ಹೂಂ ಅನ್ನದೆ ವಾಪಸ್ ಬರಬೇಕು. ತಲಾ 350 ರೂಪಾಯಿ ಕೊಡುವವರಲ್ಲಿ ಮೆಸ್ ಬಿಲ್ ಲೆಕ್ಕ ಹಾಕುವವರೂ ಇದ್ದಾರೆ. ಅವರ ದುಡ್ಡಿಗೆ ಒಂದು ಶನಿವಾರ ದೊಡ್ಡದೇನಲ್ಲ.

ಈ ಸಲದ ಕಮಿಟಿಗೆ ನಮ್ಮ ಕೇಳಿಕೆ ಇಷ್ಟೇ: ಹೋಗಿ ಬರುವ ಇಬ್ಬರ ರೈಲು ಟಿಕೆಟನ್ನು ಬಜೆಟ್‌ನಲ್ಲೇ ಸೇರಿಸಿ. ಪಾನಿಪುರಿ ಖರ್ಚು ಅವರೇ ನೋಡ್ಕೊಳ್ತಾರೆ.