ಕಪ್ಪಿಟ್ಟ ಬೆಳ್ಳಿಯ ಪರವಾಗಿ

ವಿರೂಪಾಪುರಗಡ್ಡೆಯ ಬಂಡೆಗಳ ಮೇಲಿಂದ ಹೊಳೆಯಾಚೆಯ ವಿರೂಪಾಕ್ಷನ ಗೋಪುರವನ್ನು ಕಾಣುವವರಿಗೆ ವಿಜಯನಗರವು ಹೊನ್ನಿನ ನಾಣ್ಯಗಳ ರಾಜ್ಯವಾಗಿದ್ದಿತೆಂಬುದನ್ನು ನೆನಪು ಮಾಡಿಕೊಡಬೇಕಾದುದಿಲ್ಲ; ಆದರೆ ಆ ವೈಭವದ ನಡುವೆ ಬೆಳ್ಳಿಗಿದ್ದ ಸ್ಥಾನ ಎಷ್ಟು ಕಿರಿದೆಂಬುದು ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. 1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವರಹ, ಪ್ರತಾಪ, ಹಣಗಳೆಂಬ ಹೊನ್ನಿನ ನಾಣ್ಯಗಳನ್ನು ವರ್ಣಿಸಿ, ಹಣದ ಆರನೆಯ ಒಂದು ಪಾಲಿಗೆ ಸಲ್ಲುತ್ತಿದ್ದ ತಾರವನ್ನು ಮಾತ್ರ ಬೆಳ್ಳಿಯದೆಂದು ಹೇಳುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಿಂದ ಇಂದು ಹೊರಬೀಳುವ ಬೆಳ್ಳಿಯ ನಾಣ್ಯ ಆ ತಾರವಲ್ಲ. ಅದು ಬಹುಮಟ್ಟಿಗೆ ನಿಜಾಮನ ಹಾಲಿ ಸಿಕ್ಕಾ, ಇಲ್ಲವೆ ಇಂಗ್ಲಿಷರ ಕಲ್ದಾರ. ಇವುಗಳ ಯೋಗ್ಯತೆಯನ್ನು ಈಚೆಗೆ ಜನ ಅಳೆಯುತ್ತಿರುವ ರೀತಿಯ ವಿಷಯದಲ್ಲಿ ನನಗೊಂದು ತಕರಾರುಂಟು.

1956ರ ನವೆಂಬರ್ 1ರ ವರೆಗೆ ಹೈದರಾಬಾದಿಗೆ ಸೇರಿದ್ದ ಈ ನೆಲದಲ್ಲಿ ಎರಡು ರೂಪಾಯಿಗಳು ಜೊತೆಜೊತೆಯಾಗಿ ನಡೆದಿದ್ದುವು. ಹಿಜರಿ 1321ರಿಂದ, ಅಂದರೆ 1903ರ ಸುಮಾರಿನಿಂದ, ಯಂತ್ರದಲ್ಲಿ ಅಚ್ಚಾಗಿ ಬಂದ ಹಾಲಿ ರೂಪಾಯಿಯ ಮುಖದಲ್ಲಿ ಚಾರ್‌ಮಿನಾರು. ಅದರ ಬಾಗಿಲೊಳಗೆ ಅರಸನ ಹೆಸರಿನ ಮೊದಲಕ್ಷರ, ಮೆಹಬೂಬ್ ಅಲಿಗೆ ಮೀಮ್, ಉಸ್ಮಾನ್ ಅಲಿಗೆ ಐನ್. ತೂಕ 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ. ಕಲ್ದಾರವಾದರೋ 11.66 ಗ್ರಾಂ ತೂಗಿ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯದಾಗಿ, ಸರಿಸುಮಾರು ಏಳು ಹಾಲಿಗೆ ಆರರಂತೆ ಸಲ್ಲುತ್ತಿದ್ದಿತು. 1940ರಲ್ಲಿ ಕಲ್ದಾರದ ಬೆಳ್ಳಿಯೂ ಅರ್ಧಕ್ಕಿಳಿದು, ಉಳಿದರ್ಧವನ್ನು ತಾಮ್ರ, ನಿಕಲ್, ಸತುಗಳು ತುಂಬಿದುವು. ಈ ಅಂಕಿಗಳನ್ನು ಮುಂದಿಡುವುದಕ್ಕೆ ಕಾರಣವಿದೆ: ನಾಣ್ಯವು ಮುಪ್ಪಿನಲ್ಲಿ ಯಾವ ಬಣ್ಣಕ್ಕೆ ತಿರುಗುವುದೆಂಬುದು ಅದರೊಳಗೆ ಬೆರೆತ ಲೋಹಗಳನ್ನು ಅವಲಂಬಿಸಿದೆ, ಅರೆಬೆಳ್ಳಿಯ ರೂಪಾಯಿಯಲ್ಲಿ ವಿಕ್ಟೋರಿಯಾ ರೂಪಾಯಿಯ ಛಾಯೆಯನ್ನು ಅರಸುವವನು ತಪ್ಪುವಸ್ತುವಿನಲ್ಲಿ ತಪ್ಪುಗುಣವನ್ನು ಅರಸುತ್ತಾನೆ.

ನನ್ನ ತಕರಾರಿರುವುದು ಕನ್ನಡಿಯ ಮೋಹದ ಮೇಲೆ. ಹಳೆಯ ರೂಪಾಯಿಯನ್ನು ಕೈಗೆತ್ತಿಕೊಂಡವನು ಮೊದಲು ತೇದಿಯನ್ನು ನೋಡದೆ, ಟಂಕಸಾಲೆಯ ಗುರುತನ್ನು ನೋಡದೆ, ತನ್ನ ಮುಖ ಅದರಲ್ಲಿ ಕಾಣುವುದೋ ಎಂದು ನೋಡುತ್ತಾನೆ. ಕೊಳ್ಳುವವನ ಈ ಆಸೆಯನ್ನರಿತ ಮಾರುವವನು ನಾಣ್ಯವನ್ನು ತಿಕ್ಕಿ, ತೊಳೆದು, ಥಳಥಳಿಸುವಂತೆ ಮಾಡಿ ಮುಂದಿಡುತ್ತಾನೆ. ಹೊಳೆಯ ಈಚೆ ದಡಕ್ಕೂ ಆಚೆ ದಡಕ್ಕೂ ಬರುವ ಪ್ರವಾಸಿಗರ ಕೈಗೆ ಹಳೆಯದೆಂದು ಬೀಳುವ ನಾಣ್ಯಗಳು ಈ ಜಾತಿಯವು. ಗಡ್ಡೆಯ ಅನಧಿಕೃತ ವಸತಿಗೃಹಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದು, ಮಾರ್ಚಿನಲ್ಲಿ ಅವು ನೆಲಸಮವಾದುವು. ಆ ಅಭಿರುಚಿ ಮಾತ್ರ ನೆಲಸಮವಾಗಲಿಲ್ಲ. ನೂರು ವರ್ಷ ತುಂಬಿದ ನಾಣ್ಯವು 1972ರ ಕಾಯಿದೆಯ ಮೇರೆಗೆ ಪುರಾವಸ್ತುವೆಂದೂ, ಖಾಸಗಿಯವರು ಅದನ್ನು ದೇಶದಿಂದ ಹೊರಗೊಯ್ಯುವಂತಿಲ್ಲವೆಂದೂ ಕೊಳ್ಳುವ ಅತಿಥಿಗೆ ಯಾರಾದರೂ ತಿಳಿಸುತ್ತಾರೆಯೆ ಎಂಬುದು ಬೇರೆಯೇ ಪ್ರಶ್ನೆ.

ಕನ್ನಡಿಯನ್ನು ಅಂಗುಲದ ಲೆಕ್ಕದಲ್ಲಿ ಅಳೆಯುವ ಪದ್ಧತಿ ಅಮೆರಿಕದ್ದು. 1878ರಿಂದ ಅಚ್ಚಾದ ಅವರ ಮಾರ್ಗನ್ ಡಾಲರಿನ ಮುಂದೆ ಅಚ್ಚಿನ ಅಕ್ಷರಗಳುಳ್ಳ ಕಾಗದವನ್ನು ಹಿಡಿದು, ಎರಡರಿಂದ ನಾಲ್ಕು ಅಂಗುಲ ದೂರದಿಂದ ಅಕ್ಷರಗಳು ನಾಣ್ಯದ ಬಯಲಿನಲ್ಲಿ, ಅಂದರೆ ಚಿತ್ರವೂ ಬರಹವೂ ಇಲ್ಲದ ಬರಿಯ ಮೈಯಲ್ಲಿ, ಸ್ಫುಟವಾಗಿ ಪ್ರತಿಫಲಿಸಿದರೆ ಅದಕ್ಕೊಂದು ಹೆಸರು, ಆರು ಅಂಗುಲವನ್ನು ಮೀರಿದರೆ ಇನ್ನೊಂದು ಹೆಸರು, ಹೆಸರಿಗೆ ತಕ್ಕ ಬೆಲೆ. ಆ ಡಾಲರಿಗೆ ಇದು ಸಲ್ಲುವ ಮಾತು. ಅವುಗಳಲ್ಲಿ ಎಷ್ಟೋ ಚಲಾವಣೆಗೆ ಬಾರದೆ ಚೀಲಗಳಲ್ಲಿಯೇ ಉಳಿದಿದ್ದುವು. ಆದರೆ ಚರಿತ್ರೆಯ ವಿನೋದವನ್ನು ನೋಡಿ: 1918ರ ಏಪ್ರಿಲಿನ ಪಿಟ್‌ಮನ್ ಕಾಯಿದೆಯ ಮೇರೆಗೆ ಅಮೆರಿಕವು 27 ಕೋಟಿ ಬೆಳ್ಳಿಯ ಡಾಲರುಗಳನ್ನು ಕರಗಿಸಿತು, ಆ ಬೆಳ್ಳಿಯ ಬಹುಭಾಗವನ್ನು, ಮಹಾಯುದ್ಧದ ಕಾಲದಲ್ಲಿ ಹಿಂದೂಸ್ಥಾನದಲ್ಲಿ ತಲೆದೋರಿದ ರೂಪಾಯಿಯ ಅಭಾವವನ್ನು ನೀಗಲೆಂದು ಬ್ರಿಟನ್ನಿಗೆ ಮಾರಿತು. ಅಲ್ಲಿನವರು ಈಗ ಅಂಗುಲವಿಟ್ಟು ಅಳೆಯುವ ಎಷ್ಟು ಕನ್ನಡಿಗಳು ಐದನೆಯ ಜಾರ್ಜಿನ ರೂಪಾಯಿಯಾಗಿ, ನಮ್ಮ ಸಂತೆಗಳಲ್ಲಿ ಜೋಳಕ್ಕೂ ಹತ್ತಿಗೂ ಸಂದು, ಸವೆದು ಹೋಗಿವೆಯೋ! ಸಂತೆಯಲ್ಲಿ ಬಾಳಿದ ಆ ರೂಪಾಯಿಯನ್ನು ಚೀಲದಲ್ಲಿ ಮಲಗಿದ್ದ ಡಾಲರಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಹಾಗೆಂದು ನಿಜವಾದ ಕನ್ನಡಿಮೈ ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಅಚ್ಚನ್ನೂ ಬಿಲ್ಲೆಯನ್ನೂ ನಯವಾಗಿ ಉಜ್ಜಿ, ಒಂದೊಂದನ್ನೇ ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದ ಪ್ರೂಫ್ ನಾಣ್ಯದಲ್ಲಿ ಬಯಲೆಲ್ಲ ಕನ್ನಡಿಯಾಗಿ, ಮುಖವೂ ಅಕ್ಷರಗಳೂ ಮಂದವಾದ ಬಿಳುಪಿನಿಂದ ಎದ್ದು ನಿಲ್ಲುತ್ತವೆ. ಸಾಧಾರಣ ಚಲಾವಣೆಯ ನಾಣ್ಯಗಳಲ್ಲಿಯೂ, ಹೊಸದಾಗಿ ಉಜ್ಜಿದ ಅಚ್ಚಿನಿಂದ ಮೊದಮೊದಲು ಬಂದ ಕೆಲವಕ್ಕೆ ಅರೆಗನ್ನಡಿಯ ಗುಣ ಸಿದ್ಧಿಸುವುದುಂಟು. ಒತ್ತಡದಿಂದ ಲೋಹವು ನಡುವಿನಿಂದ ಅಂಚಿಗೆ ಹರಿಯುವ ಗೆರೆಗಳು ಅಚ್ಚಿನ ಮೈಯಲ್ಲಿ ಮೂಡಿದಂತೆಲ್ಲ ಆ ಕನ್ನಡಿ ಅಳಿದು, ನಾಣ್ಯವನ್ನು ದೀಪದ ಕೆಳಗೆ ಓರೆಮಾಡಿ ತಿರುಗಿಸಿದಾಗ ಬೆಳಕಿನ ಪಟ್ಟಿಗಳು ಸುತ್ತತೊಡಗುತ್ತವೆ. ಹೊಸ ರೂಪಾಯಿಯ ಸಹಜಕಾಂತಿಯೆಂದರೆ ಈ ಸುತ್ತುವ ಬೆಳಕೇ ಹೊರತು ಕನ್ನಡಿಯಲ್ಲ.

ಮೂರನೆಯ ಕನ್ನಡಿಯೊಂದುಂಟು, ಅದು ಪತ್ತಾರನ ಬ್ರಷ್ಷಿನಿಂದ, ರಂಗೋಲಿಪುಡಿಯಿಂದ, ಈಗೀಗ ಹಲ್ಲುಜ್ಜುವ ಪೇಸ್ಟಿನಿಂದ ಹುಟ್ಟಿದ್ದು. ಅದನ್ನು ಗುರುತಿಸುವುದಕ್ಕೆ ಒಂದೇ ಒಂದು ದೀಪ, ಒಂದು ಸಾಧಾರಣ ಭೂತಗನ್ನಡಿ, ಸ್ವಲ್ಪ ತಾಳ್ಮೆ ಇಷ್ಟಿದ್ದರೆ ಸಾಕು. ಅಚ್ಚನ್ನು ಉಜ್ಜಿದ ಗೀರುಗಳು ನಾಣ್ಯದ ಮೇಲೆ ಉಬ್ಬಿದ ಎಳೆಗಳಾಗಿ ಮೂಡಿ, ಅಕ್ಷರದ ಬುಡಕ್ಕೆ ಬಂದು ನಿಂತುಬಿಡುತ್ತವೆ. ನಾಣ್ಯವನ್ನೇ ಉಜ್ಜಿದ ಗೀರುಗಳು ಒಳಕ್ಕೆ ಕೊರೆದವಾಗಿದ್ದು, ಬಯಲನ್ನೂ ಅಕ್ಷರವನ್ನೂ ರಾಣಿಯ ಕೆನ್ನೆಯನ್ನೂ ಭೇದವೆಣಿಸದೆ ದಾಟುತ್ತವೆ. ಇನ್ನೂ ಸುಲಭವಾದ ಸಾಕ್ಷ್ಯವೆಂದರೆ ಸವಕಳಿ. ಕಿರೀಟದ ಮಣಿಗಳು ಸವೆದು ಚಪ್ಪಟೆಯಾಗಿ, ಚಾರ್‌ಮಿನಾರಿನ ಮೀನಾರುಗಳ ತುದಿ ಮಾಸಿಹೋಗಿದ್ದರೂ ಬಯಲು ಮಾತ್ರ ಕನ್ನಡಿಯಾಗಿದ್ದರೆ, ಆ ಕನ್ನಡಿ ನಿನ್ನೆಯದು. ಎಷ್ಟೋ ಕೈಗಳನ್ನು ದಾಟಿ ಸವೆದ ನಾಣ್ಯದಲ್ಲಿ ಬಯಲೊಂದು ಮಾತ್ರ ಯಾರ ಕೈಯನ್ನೂ ಕಾಣದೆ ಉಳಿಯಲು ಸಾಧ್ಯವಿಲ್ಲ.

ನಿಜವಾದ ಪ್ರೂಫಿನಲ್ಲಿಯೂ ಒಂದು ತೊಡಕಿದೆ. ಕಲ್ಕತ್ತ, ಮುಂಬಯಿ ಟಂಕಸಾಲೆಗಳು ಸಂಗ್ರಾಹಕರ ಕೋರಿಕೆಯ ಮೇಲೆ ಹಳೆಯ ಅಚ್ಚುಗಳಿಂದ 1970ರ ವರೆಗೂ ಮರುಮುದ್ರಣ ಮಾಡಿಕೊಡುತ್ತಿದ್ದುದರಿಂದ, 1862ರ ತೇದಿಯುಳ್ಳ ಕನ್ನಡಿ ರೂಪಾಯಿಯು 1862ರದೇ ಆಗಿರಬೇಕೆಂಬ ನಿಯಮವಿಲ್ಲ. ಬಹುಕಾಲ ಬಿದ್ದಿದ್ದ ಅಚ್ಚಿಗೆ ತುಕ್ಕು ಹಿಡಿದು ಬಿದ್ದ ಗುಳಿಗಳು ಅಂಥ ನಾಣ್ಯದ ಬಯಲಲ್ಲಿ ಸಣ್ಣ ಉಬ್ಬುಚುಕ್ಕೆಗಳಾಗಿ ಕಾಣುವುದುಂಟು. ಕನ್ನಡಿಯ ಬೆರಗಿನಲ್ಲಿ ಆ ಚುಕ್ಕೆಗಳನ್ನು ನೋಡದವನು ಮರುಮುದ್ರಣಕ್ಕೆ ಮೂಲದ ಬೆಲೆ ತೆತ್ತು ಬರುತ್ತಾನೆ.

ಕಪ್ಪಿನ ಮಾತಿಗೆ ಬರೋಣ. ಗಾಳಿಯಲ್ಲಿರುವ ಅತ್ಯಲ್ಪವಾದ ಗಂಧಕದ ಆವಿಯೂ, ಕಾಗದ, ಬಟ್ಟೆ, ರಟ್ಟುಗಳಲ್ಲಿ ಅಡಗಿದ ಗಂಧಕವೂ ಬೆಳ್ಳಿಯೊಡನೆ ಕೂಡಿ, ಅದರ ಮೈಮೇಲೆ ಬೆಳ್ಳಿಯ ಸಲ್ಫೈಡಿನ ಅತಿ ತೆಳುವಾದ ಪೊರೆಯೊಂದನ್ನು ಹಬ್ಬಿಸುತ್ತವೆ. ಸಂಗ್ರಾಹಕರು ಟೋನಿಂಗ್ ಎನ್ನುವುದು ಇದನ್ನೇ. ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಕಿರಣಗಳು ಒಂದರೊಡನೊಂದು ಬೆರೆತು ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುವುದರಿಂದ, ಮಳೆಗಾಲದ ರಸ್ತೆಯ ನೀರಿನಲ್ಲಿ ತೇಲುವ ಎಣ್ಣೆಯ ಬಣ್ಣಗಳೇ ಇಲ್ಲಿಯೂ ಕಾಣಿಸಿಕೊಳ್ಳುತ್ತವೆ. ಪೊರೆ ದಪ್ಪವಾದಂತೆ ಬಣ್ಣಗಳು ಬರುವ ಕ್ರಮವೂ ಗೊತ್ತಾದುದು: ಮೊದಲು ತಿಳಿಹೊಂಬಣ್ಣ, ಬಳಿಕ ಕೆಂಪು-ನೇರಳೆ, ಆಮೇಲೆ ನೀಲಿ, ಮತ್ತೊಂದು ಸುತ್ತು ಹಳದಿ ಹಸಿರುಗಳು, ಕಡೆಗೆ ಬೂದುಗಪ್ಪು. ಸಹಜವಾಗಿ ಬಣ್ಣವೇರಿದ ನಾಣ್ಯದಲ್ಲಿ ಈ ಕ್ರಮವು ಅಂಚಿನಿಂದ ನಡುವಿಗೆ ಒಂದರೊಳಗೊಂದು ಕರಗುತ್ತ ಸಾಗುವುದನ್ನು ಕಾಣಬಹುದು. ಪೊರೆಯ ಅಡಿಯಿಂದ ಆ ಸುತ್ತುವ ಬೆಳಕು ಇನ್ನೂ ಉಸಿರಾಡುತ್ತಿರುತ್ತದೆ.

ಕೃತಕವಾಗಿ ಬಣ್ಣ ಹಾಕಿದ್ದರಲ್ಲಿ ಈ ಕ್ರಮವು ಕೆಟ್ಟು, ಹೊಂಬಣ್ಣದ ಪಕ್ಕಕ್ಕೆ ನೇರವಾಗಿ ನೀಲಿ ಬಂದು ನಿಲ್ಲುತ್ತದೆ. ಗಂಧಕದ ದ್ರಾವಣದಲ್ಲಿ ಅದ್ದಿದ್ದಾದರೆ ತಗ್ಗೂ ಉಬ್ಬೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಅನೇಕ ವೇಳೆ, ಉಜ್ಜಿದ ಗೀರುಗಳ ಒಳಗೇ ಬಣ್ಣ ಕುಳಿತು ಹಳೆಯ ಅಪರಾಧವನ್ನು ತಾನೇ ಒಪ್ಪಿಕೊಳ್ಳುತ್ತದೆ. ಕಾಮನಬಿಲ್ಲಿನ ರೂಪಾಯಿಗೆ ನಾಲ್ಕು ಪಟ್ಟು ಬೆಲೆ ಕೊಡುವ ಹೊಸ ಹುಚ್ಚು ಕನ್ನಡಿಯ ಹುಚ್ಚಿಗಿಂತ ಮೇಲೆಂದು ನಾನು ಹೇಳಲಾರೆ. 1969ರ ಗಾಂಧೀ ಶತಾಬ್ದಿಯ ಹತ್ತು ರೂಪಾಯಿಯು 15 ಗ್ರಾಂ ತೂಗಿ, ಸಾವಿರಕ್ಕೆ 800 ಪಾಲು ಬೆಳ್ಳಿಯದಾಗಿದ್ದು, ಇಂಥ ಬಣ್ಣಗಾರರಿಗೆ ಒಳ್ಳೆಯ ಹಲಗೆಯಾಗಿ ಒದಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಟ್ಟೆಯ ಗಂಟಿನಲ್ಲಿ, ಮಣ್ಣಿನ ಕುಡಿಕೆಯಲ್ಲಿ ಇದ್ದ ರೂಪಾಯಿಗೆ ಬರುವುದು ಕಾಮನಬಿಲ್ಲಲ್ಲ. ತಗ್ಗುಗಳಲ್ಲಿ ಗಾಢವಾಗಿ, ಉಬ್ಬುಗಳಲ್ಲಿ ತೆಳುವಾಗಿ ಹರಡಿದ ಬೂದುಗಪ್ಪು. ಅಕ್ಷರಗಳನ್ನೂ ಮುಖವನ್ನೂ ಇಷ್ಟು ಸ್ಪಷ್ಟವಾಗಿ ಎತ್ತಿ ತೋರಿಸುವ ಮೈ ಸವೆದ ನಾಣ್ಯಕ್ಕೆ ಮತ್ತೊಂದಿಲ್ಲ. ಅದನ್ನು ತಿಕ್ಕಿದಾಗ ಕಪ್ಪಿನೊಡನೆ ಬೆಳ್ಳಿಯೂ ಹೋಗುತ್ತದೆಂಬುದನ್ನು ಮರೆಯಬಾರದು. ಸಲ್ಫೈಡಾಗಿ ಮಾರ್ಪಟ್ಟಿರುವುದು ನಾಣ್ಯದ ಮೇಲ್ಮೈಯೇ.

ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗಿಡುವ ರೂಪಾಯಿಯನ್ನು ಹುಣಸೆಹುಳಿ ಹಚ್ಚಿ ಬೆಳಗುವ ತಾಯಂದಿರನ್ನು ನಾನು ಆಕ್ಷೇಪಿಸುತ್ತಿಲ್ಲ. ಆ ನಾಣ್ಯ ಪೂಜೆಯದು. ಸಂಗ್ರಾಹಕನಿಗೆ ಅದರ ಮೇಲೆ ಹಕ್ಕಿಲ್ಲ. ಮಾರುವುದಕ್ಕೆಂದು ಪೆಟ್ಟಿಗೆಯಿಂದ ತೆಗೆದವರಿಗೆ ಮಾತ್ರ ನನ್ನ ಬಿನ್ನಹ: ಸರಾಫನ ಬಳಿಗೆ ಹೋಗುವ ಮುನ್ನ ತೊಳೆಯಬೇಡಿ. ಧೂಳಿದ್ದರೆ ಶುದ್ಧವಾದ ನೀರಿನಲ್ಲಿ ಅದ್ದಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಿಸಿ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಇನ್ನು ಲಂಬಾಣಿ ಹೆಣ್ಣುಮಕ್ಕಳ ಸರಗಳಿಂದ ಬಿಚ್ಚಿದ ರೂಪಾಯಿಗಳು. ಅಂಚಿನಲ್ಲಿ ಕೊಂಡಿಯ ಬೆಸುಗೆಯ ಗುರುತು, ಮೈತುಂಬ ವರ್ಷಗಟ್ಟಲೆ ಬೆವರಿಗೂ ಬಟ್ಟೆಗೂ ಉಜ್ಜಿದ ನುಣುಪು. ದರ್ಜೆಯ ಸಂಖ್ಯೆ ಕೊಡುವ ಪರದೇಶದ ಸಂಸ್ಥೆಗಳು ಬೆಸುಗೆ ಕಂಡೊಡನೆ ಇಂಥವನ್ನು ಹಾನಿಗೊಂಡ ನಾಣ್ಯಗಳ ಪಂಕ್ತಿಗೆ ತಳ್ಳುತ್ತವೆ. ಅದರಿಂದ ತಪ್ಪಿಸಿಕೊಳ್ಳಲೆಂದು ಮಾರುವವರು ಬೆಸುಗೆಯನ್ನು ಅರದಿಂದ ಉಜ್ಜಿ, ಅಂಚಿನ ಹಲ್ಲುಗಳನ್ನು ಹೊಸದಾಗಿ ಕೆತ್ತಿಸಿ, ಮೈಗೆ ಮತ್ತೆ ಕನ್ನಡಿಯ ಮೆರುಗು ಕೊಡಿಸುತ್ತಾರೆ. ನಮ್ಮ ಹರಾಜಿನವರು ಇಂಥ ನಾಣ್ಯದ ಕೆಳಗೆ ಸರದಿಂದ ಬಿಚ್ಚಿದ್ದು ಎಂದು ನೇರವಾಗಿ ಬರೆದು, ಬೆಸುಗೆಯನ್ನು ಇದ್ದಂತೆಯೇ ಚಿತ್ರದಲ್ಲಿ ತೋರಿಸಿ, ಅದಕ್ಕೆ ತಕ್ಕ ಬೆಲೆಯನ್ನು ಕೇಳಬಾರದೇಕೆ? ಬೆಸುಗೆಯುಳ್ಳ ಕಲ್ದಾರವನ್ನು ಆ ಬೆಲೆಗೆ ಕೊಳ್ಳುವವರು ಈ ಜಿಲ್ಲೆಯಲ್ಲಿಯೇ ಇದ್ದಾರು.