ಮರಡೋನನನ್ನು ಇಬ್ಭಾಗ ಮಾಡಬೇಡಿ

2020ನೆಯ ಇಸವಿ ನವೆಂಬರ್ 25ರಂದು, ಬ್ಯೂನಸ್ ಐರಿಸ್ ನಗರದ ಉತ್ತರಕ್ಕಿರುವ ಟಿಗ್ರೆಯ ಒಂದು ಬಾಡಿಗೆಯ ಮನೆಯಲ್ಲಿ, ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಇನ್ನೂ ತಿಂಗಳು ತುಂಬದಿದ್ದ ಸ್ಥಿತಿಯಲ್ಲಿ, ಡಿಯೇಗೊ ಅರ್ಮಾಂಡೊ ಮರಡೋನ ತನ್ನ ಅರುವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಸರ್ಕಾರ ಮೂರು ದಿನಗಳ ರಾಷ್ಟ್ರೀಯ ಶೋಕವನ್ನು ಸಾರಿತು. ಅಧ್ಯಕ್ಷರ ಭವನವಾದ ಕಾಸಾ ರೊಸಾಡದಲ್ಲಿ ಶವಪೆಟ್ಟಿಗೆಯನ್ನು ಸಾರ್ವಜನಿಕ ದರ್ಶನಕ್ಕಿರಿಸಲಾಯಿತು. ಸಂಜೆಗೆ ದರ್ಶನ ಮುಗಿಯಿತೆಂದು ಬಾಗಿಲು ಹಾಕಿದಾಗ, ಹಗಲೆಲ್ಲ ಸಾಲಿನಲ್ಲಿ ನಿಂತು ನಿರಾಶರಾದ ಜನ ಪೊಲೀಸರೊಡನೆ ಬಡಿದಾಡಿದರು. ಆ ದಿನಗಳಲ್ಲಿ ಅರ್ಜೆಂಟೀನದಲ್ಲಿ ಬಾಯಿಂದ ಬಾಯಿಗೆ ಹರಿದಾಡಿದ ಮಾತೊಂದುಂಟು: ಡಿಯೇಗೊ ತನ್ನ ಬದುಕನ್ನು ಏನು ಮಾಡಿಕೊಂಡನೆಂಬುದು ನಮಗೆ ಮುಖ್ಯವಲ್ಲ, ನಮ್ಮ ಬದುಕಿಗೆ ಏನು ಮಾಡಿದನೆಂಬುದೇ ಮುಖ್ಯ ಎಂಬ ಅರ್ಥದ ಮಾತು ಅದು. ಕೇಳುವುದಕ್ಕೆ ಹೃದ್ಯವಾದ, ಕೃತಜ್ಞತೆಯಿಂದ ತುಂಬಿದಂತೆ ತೋರುವ ಈ ಮಾತು ಕ್ರೂರವಾದ ಮಾತೆಂದು ನಾನು ತಿಳಿದಿದ್ದೇನೆ. ಏಕೆಂದರೆ ಮರಡೋನನ ಜೀವಮಾನವೆಲ್ಲ ಅವನ ಸುತ್ತಲಿದ್ದವರು ಅವನೊಡನೆ ನಡೆದುಕೊಂಡದ್ದು ಅಕ್ಷರಶಃ ಈ ಮಾತಿನ ಪ್ರಕಾರವೇ.

ಅವನ ಆಟದ ಮಹಿಮೆಯನ್ನು ತಗ್ಗಿಸಿ ಮಾತನಾಡುವ ಇಚ್ಛೆ ನನಗೆ ಲವಲೇಶವೂ ಇಲ್ಲ. 1989ರ ಏಪ್ರಿಲಿನಲ್ಲಿ ಮ್ಯೂನಿಕ್ ನಗರದಲ್ಲಿ, ಬಯರ್ನ್ ತಂಡದ ಮೇಲಿನ ಉಪಾಂತ್ಯ ಪಂದ್ಯಕ್ಕೆ ಮುಂಚೆ, ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಅಂದಿನ ಒಂದು ಜನಪ್ರಿಯ ಹಾಡು ಕೇಳಿಬರುತ್ತಿದ್ದಾಗ, ಬೂಟಿನ ಲಾಡಿಗಳನ್ನು ಕಟ್ಟದೆ ಹಾಗೆಯೇ ಇಳಿಬಿಟ್ಟುಕೊಂಡು, ಚೆಂಡನ್ನು ತೊಡೆಯಿಂದ ಹೆಗಲಿಗೆ, ಹೆಗಲಿಂದ ತಲೆಗೆ, ತಲೆಯಿಂದ ಮತ್ತೆ ಪಾದಕ್ಕೆ ಇಳಿಸುತ್ತ, ಆ ಹಾಡಿನ ಲಯಕ್ಕೆ ತನ್ನ ಮೈಯನ್ನು ಒಪ್ಪಿಸಿ ಅವನು ಕುಣಿದ ದೃಶ್ಯದ ಚಿತ್ರಣ ಇಂದಿಗೂ ಉಳಿದಿದೆ. ಗೆಲುವಿನ ಚಿಂತೆ ಇನ್ನೂ ಆರಂಭವಾಗದ ಆ ಕೆಲವು ನಿಮಿಷಗಳಲ್ಲಿ, ವಿಲ್ಲಾ ಫಿಯೊರಿಟೊ ಎಂಬ ನೀರು ಚರಂಡಿಗಳಿಗೂ ಗತಿಯಿಲ್ಲದ ಕೇರಿಯಲ್ಲಿ ಬೆಳೆದ ಬಾಲಕನ ನಿರ್ಮಲವಾದ ಆನಂದವನ್ನು ಕಾಣದವನು ಆಟವೆಂದರೇನೆಂಬುದನ್ನೇ ಅರಿಯದವನು. ಆ ಬಾಲಕ ಹದಿನಾರು ತುಂಬುವುದಕ್ಕೆ ಹತ್ತು ದಿನವಿರುವಾಗಲೇ, 1976ರ ಅಕ್ಟೋಬರಿನಲ್ಲಿ, ಅರ್ಜೆಂಟಿನೋಸ್ ಜೂನಿಯರ್ಸ್ ತಂಡದ ಪರವಾಗಿ ಪ್ರಥಮದರ್ಜೆಯ ಕಣಕ್ಕಿಳಿದವನು. ದೊಡ್ಡ ಸಂಸಾರದ ಅನ್ನದ ಹೊರೆ ಆ ಎಳೆಯ ಕಾಲುಗಳ ಮೇಲೆ ಬಿದ್ದದ್ದು ಆಗಲೇ.

1986ರ ಜೂನ್ 22ರಂದು ಮೆಕ್ಸಿಕೊದ ಅಜ್ಟೆಕ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಮೇಲೆ ಅವನು ಹೊಡೆದ ಎರಡು ಗೋಲುಗಳ ವಿಷಯ ಎಲ್ಲರೂ ಬಲ್ಲದ್ದು. ಮೊದಲನೆಯದನ್ನು ಎಡಗೈಯಿಂದ ತಳ್ಳಿ, ಟ್ಯುನೀಸಿಯದ ರೆಫರಿಯ ಕಣ್ಣುತಪ್ಪಿಸಿ ಗಳಿಸಿದನು. ನಾಲ್ಕೇ ನಿಮಿಷಗಳ ತರುವಾಯ, ತನ್ನ ಅರ್ಧದಲ್ಲಿ ಚೆಂಡನ್ನು ಪಡೆದು, ಇಂಗ್ಲೆಂಡಿನ ಒಬ್ಬೊಬ್ಬ ಆಟಗಾರನನ್ನೂ ಹಿಂದಿಕ್ಕುತ್ತ, ಸುಮಾರು ಹತ್ತು ಸೆಕೆಂಡುಗಳ ಓಟದ ಕೊನೆಗೆ ಗೋಲ್‌ಕೀಪರ್ ಪೀಟರ್ ಶಿಲ್ಟನ್ನನನ್ನೂ ದಾಟಿ ಎರಡನೆಯದನ್ನು ಹೊಡೆದನು. ನಾಲ್ಕು ವರ್ಷಗಳ ಹಿಂದೆ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧದಲ್ಲಿ ತನ್ನ ತರುಣರನ್ನು ಕಳೆದುಕೊಂಡಿದ್ದ ದೇಶವೊಂದು ಮೊದಲನೆಯ ಗೋಲನ್ನು ಪ್ರತೀಕಾರವೆಂದು ಭಾವಿಸಿ ಹಿಗ್ಗಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಅರ್ಥಮಾಡಿಕೊಳ್ಳುವುದು ಬೇರೆ, ಮೋಸವನ್ನು ಮೋಸವೆನ್ನದಿರುವುದು ಬೇರೆ. ಅವನು ಸತ್ತ ಮರುದಿನ ಶಿಲ್ಟನ್, ಆ ಮನುಷ್ಯನಲ್ಲಿ ಮಹತ್ತ್ವವಿತ್ತು, ಆದರೆ ಕ್ರೀಡಾಧರ್ಮವಿರಲಿಲ್ಲ, ಅವನು ಎಂದೂ ಕ್ಷಮೆ ಕೇಳಲಿಲ್ಲ ಎಂಬರ್ಥದ ಮಾತನ್ನು ಬರೆದದ್ದಕ್ಕೆ ಕೋಪಿಸಿಕೊಂಡವರು ಅನೇಕರು. ವಂಚಿತನಾದವನು ವಂಚಕನ ಉತ್ತರಕ್ರಿಯೆಯ ದಿನ ತನ್ನ ದುಃಖವನ್ನು ಹೇಳಿಕೊಳ್ಳಬಾರದೆಂಬುದು ಯಾವ ಶಾಸ್ತ್ರದ ವಿಧಿಯೋ ನಾನರಿಯೆ.

ಆದರೂ ಆ ಗೋಲಿನ ವಿಚಾರ ಚಿಕ್ಕದು. ಅವನ ಜೀವನಚರಿತ್ರೆಯ ಮರ್ಮವಿರುವುದು ನೇಪಲ್ಸ್ ನಗರದಲ್ಲಿ. 1984ರ ಜುಲೈ 5ರಂದು, ಎಪ್ಪತ್ತು ಸಾವಿರಕ್ಕೂ ಮಿಗಿಲಾದ ಜನ ಸಾನ್ ಪಾವ್ಲೊ ಕ್ರೀಡಾಂಗಣವನ್ನು ತುಂಬಿ, ಪಂದ್ಯವಿಲ್ಲದ ದಿನ ಒಬ್ಬ ಆಟಗಾರನನ್ನು ಬರಿದೆ ಕಣ್ತುಂಬ ನೋಡುವುದಕ್ಕಾಗಿ ಬಂದರು. ಇಟಲಿಯ ಉತ್ತರದ ಸಿರಿವಂತ ನಗರಗಳ ಪ್ರೇಕ್ಷಕರಿಂದ ಕೊಳಕರು, ರೋಗಿಷ್ಠರು ಎಂಬ ಹೀನ ಬೈಗುಳಗಳನ್ನು ವಾರವಾರವೂ ಕೇಳುತ್ತಿದ್ದ ದಕ್ಷಿಣದ ಆ ಬಡ ನಗರಕ್ಕೆ ಅವನು 1987ರಲ್ಲಿ ಅದರ ಚರಿತ್ರೆಯಲ್ಲಿಯೇ ಮೊದಲನೆಯದಾದ ಲೀಗ್ ಪ್ರಶಸ್ತಿಯನ್ನೂ, 1989ರಲ್ಲಿ ಯುಎಫಾ ಕಪ್ಪನ್ನೂ, 1990ರಲ್ಲಿ ಮತ್ತೊಮ್ಮೆ ಲೀಗ್ ಪ್ರಶಸ್ತಿಯನ್ನೂ ತಂದಿತ್ತನು. ಇಷ್ಟೇ ಅಲ್ಲ. ಅಸ್ವಸ್ಥನಾದ ಒಬ್ಬ ಬಡ ಬಾಲಕನ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲು ಸಮೀಪದ ಅಚೆರ್ರ ಎಂಬ ಊರಿನಲ್ಲಿ ಪಂದ್ಯವಾಡಬೇಕೆಂದು ಕೇಳಿಕೊಂಡಾಗ, ಕೋಟ್ಯಂತರ ಬೆಲೆಯ ಕಾಲುಗಳಿಗೆ ಅಪಾಯವಾದೀತೆಂದು ಕ್ಲಬ್ಬು ಒಪ್ಪಲಿಲ್ಲ. ವಿಮೆಯ ಹಣವನ್ನು ಅವನು ತಾನೇ ತೆತ್ತು, ನಿಲ್ಲಿಸಿದ್ದ ಕಾರುಗಳ ನಡುವಿನ ಜಾಗದಲ್ಲಿ ಮೈ ಬಿಸಿಮಾಡಿಕೊಂಡು, ಕಣಕಾಲುಮಟ್ಟ ಕೆಸರಿದ್ದ ಮೈದಾನದಲ್ಲಿ, ಜಾರುತ್ತ ಏಳುತ್ತ, ವಿಶ್ವಕಪ್ಪಿನಲ್ಲಿ ಆಡಿದಷ್ಟೇ ಮನಃಪೂರ್ವಕವಾಗಿ ಆಡಿದನು. ಅವನನ್ನು ಕೇವಲ ದುಷ್ಟನೆಂದು ಚಿತ್ರಿಸಬಯಸುವವರು ಈ ಕೆಸರನ್ನು ಏನು ಮಾಡುತ್ತಾರೆ?

ಅದೇ ನೇಪಲ್ಸ್ ಅವನಿಗೆ ಮಾಡಿದ್ದೇನೆಂಬುದನ್ನೂ ಕೇಳಬೇಕು. ಕಮೋರ ಎಂಬ ಪಾತಕಿಗಳ ಕೂಟದ ಕುಟುಂಬವೊಂದು ಅವನನ್ನು ತನ್ನ ಔತಣಗಳಿಗೆ ಕರೆದು ಆದರಿಸಿತು. ಇದಕ್ಕೆ ಮುಂಚೆ ಆಡುತ್ತಿದ್ದ ಬಾರ್ಸಿಲೋನದಲ್ಲಿ ಆರಂಭವಾಗಿದ್ದ ಕೊಕೇನಿನ ಚಟ ಇಲ್ಲಿ ಬೇರೂರಿತು. ನೋಯುವ ಬೆನ್ನಿಗೂ ಊದಿದ ಕಣಕಾಲಿಗೂ ಸೂಜಿಮದ್ದು ಚುಚ್ಚಿ ಚುಚ್ಚಿ ಅವನನ್ನು ಮೈದಾನಕ್ಕೆ ಕಳುಹಿಸಲಾಯಿತು. ಕ್ಲಬ್ಬಿನ ಅಂದಿನ ಅಧ್ಯಕ್ಷ ಕೊರಾಡೊ ಫೆರ್ಲೈನೊ 2003ರಲ್ಲಿ ತಾವೇ ಹೇಳಿಕೊಂಡ ಪ್ರಕಾರ, ಭಾನುವಾರದ ಪಂದ್ಯ ಮುಗಿದಂದಿನಿಂದ ಬುಧವಾರದವರೆಗೆ ಅವನು ಏನು ಮಾಡಿದರೂ ಕೇಳುವವರಿರಲಿಲ್ಲ, ವಾರದ ಕೊನೆಗೆ ಶುದ್ಧನಾಗಿದ್ದರೆ ಸಾಕಾಗಿತ್ತು. ಮಾದಕವಸ್ತುವಿನ ಪರೀಕ್ಷೆಯಿಂದ ಪಾರುಗಾಣಿಸುವ ಉಪಾಯಗಳೂ ಇದ್ದವು. 1989ರಲ್ಲಿ ಫ್ರಾನ್ಸಿನ ಮಾರ್ಸೇಗೆ ಹೊರಟುಹೋಗಬೇಕೆಂದು ಅವನು ಬಯಸಿದಾಗ ಬಿಡುಗಡೆ ದೊರೆಯಲಿಲ್ಲ. ಗೆಲುವು ಬರುವ ತನಕ ರಕ್ಷಣೆಯಿತ್ತು. 1990ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಅದೇ ನೇಪಲ್ಸಿನಲ್ಲಿ, ಅವನ ಅರ್ಜೆಂಟೀನ ಇಟಲಿಯನ್ನು ಸೋಲಿಸಿದ ಮೇಲೆ ಆ ರಕ್ಷಣೆ ಕಳಚಿಬಿತ್ತು. 1991ರ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಕೊಕೇನ್ ಪತ್ತೆಯಾಗಿ ಹದಿನೈದು ತಿಂಗಳ ನಿಷೇಧ ಬಿದ್ದಾಗ, ಒಂದು ನಗರವೇ ನೆರೆದು ಬರಮಾಡಿಕೊಂಡಿದ್ದವನು ಬೀಳ್ಕೊಡುವವರಿಲ್ಲದೆ ಊರು ಬಿಟ್ಟನು. ರಸ ಹೀರಿ ಸಿಪ್ಪೆಯನ್ನು ಬೀದಿಗೆಸೆದಂತಾಯಿತು. ನಮ್ಮ ಭಾಷೆಯಲ್ಲಿ ಹೊನ್ನಶೂಲವೆಂಬ ಮಾತೊಂದಿದೆಯಷ್ಟೆ. ಅದರ ಅರ್ಥಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟನ್ನು ಹೇಳಿದ್ದು ಅವನ ಅಪರಾಧಗಳನ್ನು ಇತರರ ತಲೆಗೆ ಕಟ್ಟುವುದಕ್ಕಲ್ಲ. ಅವನಿಂದ ನೊಂದವರು ಇದ್ದರು. ಅವರ ನೋವಿಗೆ ಅವನೇ ಹೊಣೆ. 1986ರ ಸೆಪ್ಟೆಂಬರಿನಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ತನ್ನ ಮಗನನ್ನು ಅವನು ಮಗನೆಂದು ಒಪ್ಪಲಿಲ್ಲ. ಪಿತೃತ್ವದ ಪರೀಕ್ಷೆಗೆ ರಕ್ತ ಕೊಡಲೊಪ್ಪದೆ ಹೋದದ್ದರಿಂದ 1993ರಲ್ಲಿ ಇಟಲಿಯ ನ್ಯಾಯಾಲಯವೇ ತೀರ್ಮಾನಿಸಬೇಕಾಯಿತು. ತಂದೆಯ ಹೆಸರನ್ನೇ ಹೊತ್ತ ಆ ಮಗನನ್ನು ಅವನು ಬಹಿರಂಗವಾಗಿ ಅಪ್ಪಿಕೊಂಡದ್ದು 2016ರಲ್ಲಿ, ಮಗನಿಗೆ ಮೂವತ್ತರ ಪ್ರಾಯ ಸಮೀಪಿಸಿದಾಗ. 1994ರಲ್ಲಿ ತನ್ನ ಮನೆಯೆದುರಿನ ಪತ್ರಕರ್ತರ ಮೇಲೆ ಗಾಳಿಕೋವಿಯಿಂದ ಗುಂಡು ಹಾರಿಸಿದನು, ನ್ಯಾಯಾಲಯ ಶಿಕ್ಷೆ ವಿಧಿಸಿತು. 2014ರಲ್ಲಿ ಹೊರಬಂದ ಒಂದು ವೀಡಿಯೊದಲ್ಲಿ ಅವನು ತನ್ನ ಸಂಗಾತಿಯ ಮೇಲೆ ಕೈಯೆತ್ತಿದಂತೆ ಕಂಡಿತು. ಹೊಡೆಯಲಿಲ್ಲವೆಂದು ಅವನು ಹೇಳಿದನು. ಕ್ಯೂಬದಲ್ಲಿ ಅವನು ಚಟ ಬಿಡಿಸಿಕೊಳ್ಳುವ ಚಿಕಿತ್ಸೆಗೆಂದು ನೆಲೆಸಿದ್ದ ಕಾಲದಲ್ಲಿ, ತಾನಿನ್ನೂ ಹದಿನಾರರ ಹುಡುಗಿಯಾಗಿದ್ದಾಗ ತನ್ನ ಮೇಲೆ ಬಲಾತ್ಕಾರ ನಡೆಯಿತೆಂದೂ ತನಗೆ ಮಾದಕವಸ್ತುವಿನ ರುಚಿ ಹತ್ತಿಸಲಾಯಿತೆಂದೂ ಮಹಿಳೆಯೊಬ್ಬಳು 2021ರಲ್ಲಿ ಆರೋಪಿಸಿದಳು. ಸತ್ತವನು ಉತ್ತರ ಹೇಳಲಾರನೆಂಬುದು ನಿಜ. ಆದರೆ ಅವಳು ಬಾಯಿಬಿಡುವುದಕ್ಕೆ ಅವನ ಮರಣದ ತನಕ ಏಕೆ ಕಾಯಬೇಕಾಯಿತೆಂಬ ಪ್ರಶ್ನೆ ಅವನನ್ನು ದೇವರೆಂದು ಕರೆದವರೆಲ್ಲರ ಮುಂದೆಯೂ ನಿಲ್ಲುತ್ತದೆ.

ಅವನು ಸತ್ತ ನವೆಂಬರ್ 25, ಮಹಿಳೆಯರ ಮೇಲಿನ ಹಿಂಸೆಯ ನಿವಾರಣೆಗಾಗಿ ವಿಶ್ವಸಂಸ್ಥೆ ಗೊತ್ತುಮಾಡಿದ ದಿನವೂ ಹೌದು. ಮೂರು ದಿನಗಳ ತರುವಾಯ ಸ್ಪೇನಿನ ಗಲೀಸಿಯದಲ್ಲಿ ಮಹಿಳೆಯರ ಒಂದು ಪಂದ್ಯಕ್ಕೆ ಮುಂಚೆ ಮೌನಾಚರಣೆ ನಡೆದಾಗ, ಪೌಲ ದಪೆನ ಎಂಬ ಆಟಗಾರ್ತಿ ಉಳಿದವರೆಲ್ಲ ಸಾಲಾಗಿ ನಿಂತಿರಲು ತಾನೊಬ್ಬಳು ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತಳು. ಹಿಂಸೆಗೊಳಗಾದ ಹೆಂಗಸರಿಗಾಗಿ ಯಾರೂ ಒಂದು ನಿಮಿಷ ಮೌನವಾಗಿ ನಿಲ್ಲಲಿಲ್ಲ, ಆದ್ದರಿಂದ ತಾನು ಇವನಿಗಾಗಿ ನಿಲ್ಲಲಾರೆನೆಂಬುದು ಅವಳ ಸಮಾಧಾನ. ಅವಳಿಗೆ ಬಂದದ್ದು ಕೊಲೆಯ ಬೆದರಿಕೆಗಳು. ಅದೇ ದಿನಗಳಲ್ಲಿ ಅರ್ಜೆಂಟೀನದ ಸ್ತ್ರೀವಾದಿಗಳಲ್ಲಿ ಅನೇಕರು, ಗರ್ಭಪಾತದ ಹಕ್ಕಿಗಾಗಿ ಹಸುರು ಕರವಸ್ತ್ರ ಕಟ್ಟಿ ಬೀದಿಗಿಳಿದಿದ್ದವರೇ, ಮರಡೋನನಿಗಾಗಿ ಕಣ್ಣೀರಿಟ್ಟರು; ಅದಕ್ಕಾಗಿ ಸ್ವಪಕ್ಷದವರಿಂದಲೇ ನಿಂದೆಗೊಳಗಾದರು. ಕುಳಿತವಳನ್ನು ಬೆದರಿಸಿದವರೂ, ಅತ್ತವರನ್ನು ನಿಂದಿಸಿದವರೂ ಒಂದೇ ತಪ್ಪನ್ನು ಮಾಡಿದರೆಂದು ನನ್ನ ಅಭಿಪ್ರಾಯ: ಒಬ್ಬ ಮನುಷ್ಯನ ವಿಷಯದಲ್ಲಿ ಒಂದು ಹೃದಯಕ್ಕೆ ಒಂದೇ ಭಾವ ಸಲ್ಲುತ್ತದೆಯೆಂದು ಅವರು ಎಣಿಸಿದರು. ನಾನು ದಪೆನಳ ಕುಳಿತುಕೊಳ್ಳುವ ಹಕ್ಕನ್ನು ಸಂಪೂರ್ಣವಾಗಿ ಎತ್ತಿಹಿಡಿಯುತ್ತೇನೆ. ಅಷ್ಟೇ ಅಲ್ಲ, ಆ ಮೈದಾನದಲ್ಲಿ ಮರಡೋನನನ್ನು ಪೂರ್ಣವಾಗಿ ಸ್ಮರಿಸಿದವಳು ಬಹುಶಃ ಅವಳೊಬ್ಬಳೇ ಎಂದೂ ಹೇಳುತ್ತೇನೆ. ಆದರೆ ಅವಳ ಕೃತ್ಯವನ್ನು ಆಧಾರಮಾಡಿಕೊಂಡು, ಅವನ ಹೆಸರನ್ನು ಗೋಡೆಗಳಿಂದಲೂ ಕ್ರೀಡಾಂಗಣಗಳಿಂದಲೂ ಅಳಿಸಬೇಕೆನ್ನುವವರ ವಾದವನ್ನು ಒಪ್ಪಲಾರೆ. ಅಳಿಸಿದ ಹೆಸರಿನೊಡನೆ ಆ ಹೆಸರಿನ ಋಣವೂ ಲೆಕ್ಕವೂ ಅಳಿಸಿಹೋಗುತ್ತವೆ; ನೊಂದವರ ಕಥೆಯನ್ನು ಕೇಳುವವರೂ ಇಲ್ಲವಾಗುತ್ತಾರೆ.

ಆಟವನ್ನು ಆಟಗಾರನಿಂದ ಬೇರ್ಪಡಿಸಿ ನೋಡಬೇಕೆಂಬ ಪಂಡಿತರ ಸೂತ್ರ ಕಾವ್ಯದ ವಿಷಯದಲ್ಲಿ ಎಷ್ಟರಮಟ್ಟಿಗೆ ಸಲ್ಲುವುದೋ ನನಗೆ ತಿಳಿಯದು. ಆಟದ ವಿಷಯದಲ್ಲಂತೂ ಅದು ಅಸಂಗತ. ಕವಿ ಸತ್ತರೆ ಪುಸ್ತಕ ಉಳಿಯುತ್ತದೆ. ಆಟಗಾರನ ಕೃತಿಯೆಂಬುದು ಅವನ ಮೈಯೇ. ಬಿಲ್ಬಾವೊದ ರಕ್ಷಕನೊಬ್ಬ 1983ರಲ್ಲಿ ಮುರಿದ ಕಣಕಾಲೂ, ಅಜ್ಟೆಕದಲ್ಲಿ ಓಡಿದ ಕಣಕಾಲೂ ಒಂದೇ. ಚೆಂಡನ್ನು ತಳ್ಳಿದ ಕೈಯೂ, ಬಡ ಬಾಲಕನಿಗಾಗಿ ವಿಮೆಯ ಹಣ ತೆತ್ತ ಕೈಯೂ, ಮಗನನ್ನು ದೂರವಿರಿಸಿದ ಕೈಯೂ ಒಂದೇ. 2001ರ ತನ್ನ ವಿದಾಯದ ಪಂದ್ಯದಲ್ಲಿ ಅವನು, ತಾನು ತಪ್ಪಿ ನಡೆದೆನೆಂದೂ, ಅದಕ್ಕೆ ಬೆಲೆ ತೆತ್ತೆನೆಂದೂ, ಚೆಂಡಿಗೆ ಮಾತ್ರ ಕಳಂಕ ತಟ್ಟದೆಂದೂ ಅಳುತ್ತ ಹೇಳಿದನು. ಅಭಿಮಾನಿಗಳು ಆ ಮಾತಿನ ಕೊನೆಯ ತುಣುಕನ್ನು ಮಾತ್ರ ಎತ್ತಿಕೊಂಡು ಅಂಗಿಗಳ ಮೇಲೆ ಅಚ್ಚುಹಾಕಿಸಿಕೊಂಡರು. ತಪ್ಪಿ ನಡೆದೆನೆಂಬ ಮೊದಲ ಭಾಗ, ಹೇಳುವುದಕ್ಕೆ ಹೆಚ್ಚು ಧೈರ್ಯ ಬೇಕಾದ ಭಾಗ, ಯಾರಿಗೂ ಬೇಡವಾಯಿತು. 1994ರ ವಿಶ್ವಕಪ್ಪಿನಿಂದ ಎಫಿಡ್ರಿನ್ ಸೇವನೆಗಾಗಿ ಹೊರಬಿದ್ದಾಗಲೂ ಅವನ ದೇಶ ಪಿತೂರಿಯ ಕಥೆ ಕಟ್ಟಿತೇ ಹೊರತು, ಈ ಮನುಷ್ಯನನ್ನು ಕೂಡಿಸಿ ಗುಣಪಡಿಸೋಣವೆಂದು ಯೋಚಿಸಲಿಲ್ಲ. ನಾಲ್ಕು ವರ್ಷಗಳ ತರುವಾಯ ರೊಸಾರಿಯೊ ನಗರದಲ್ಲಿ ಅವನ ಹೆಸರಿನಲ್ಲಿ ಒಂದು ಮತವನ್ನೇ ಸ್ಥಾಪಿಸಿದರು. ನಮ್ಮ ನೆರೆಯ ಕೇರಳದ ಕಣ್ಣೂರಿಗೆ ಅವನು 2012ರಲ್ಲಿ ಬಂದಾಗ ಜನ ನೆರೆದದ್ದೂ ಇಂಥ ದೇವರ ದರ್ಶನಕ್ಕೇ.

ದೇವರಿಗೆ ಕಾಯಿಲೆ ಬರುವುದಿಲ್ಲವೆಂಬ ಭಾವನೆಯಿಂದಲೋ ಏನೋ, ಕೊನೆಗಾಲದಲ್ಲಿ ಅವನ ಕಾಯಿಲೆಯನ್ನು ಸರಿಯಾಗಿ ನೋಡಿಕೊಂಡವರು ಕಾಣಲಿಲ್ಲ. ಶವಪರೀಕ್ಷೆಯಲ್ಲಿ ಅವನ ಹೃದಯ ಅರ್ಧ ಕಿಲೋಗ್ರಾಂ ತೂಗಿತು. ದೇಹದಲ್ಲಿ ಮದ್ಯವಾಗಲಿ ನಿಷಿದ್ಧ ಮಾದಕವಸ್ತುವಾಗಲಿ ಸಿಗಲಿಲ್ಲ. ನ್ಯಾಯಾಂಗ ನೇಮಿಸಿದ ವೈದ್ಯಮಂಡಲಿ 2021ರಲ್ಲಿ, ಚಿಕಿತ್ಸೆ ಅಸಮರ್ಪಕವಾಗಿಯೂ ಅಜಾಗರೂಕವಾಗಿಯೂ ಇತ್ತೆಂದು, ರೋಗಿಯನ್ನು ಅವನ ಪಾಡಿಗೆ ಬಿಡಲಾಗಿತ್ತೆಂದು, ಕಡಮೆಯೆಂದರೂ ಹನ್ನೆರಡು ಗಂಟೆಗಳ ಕಾಲ ಅವನು ಸಾವಿನ ಸಂಕಟವನ್ನು ಅನುಭವಿಸಿದನೆಂದು ವರದಿ ಕೊಟ್ಟಿತು. ಆರೋಪಕ್ಕೊಳಗಾದ ವೈದ್ಯರೂ ದಾದಿಯರೂ ತಪ್ಪನ್ನು ಒಪ್ಪಿಲ್ಲ. ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಶವಸಂಸ್ಕಾರದ ಸಿಬ್ಬಂದಿ ತೆರೆದ ಪೆಟ್ಟಿಗೆಯ ಪಕ್ಕದಲ್ಲಿ ಹೆಬ್ಬೆರಳೆತ್ತಿ ಚಿತ್ರ ತೆಗೆಸಿಕೊಂಡದ್ದನ್ನು ನೋಡಿ ದೇಶವೆಲ್ಲ ಕೆರಳಿತು. ಆದರೆ 2025ರ ಮಾರ್ಚಿನಲ್ಲಿ ಸಾನ್ ಇಸಿಡ್ರೊದಲ್ಲಿ ಆರಂಭವಾದ ಅವನ ಸಾವಿನ ಕುರಿತ ವಿಚಾರಣೆ, ನ್ಯಾಯಪೀಠದ ಮೂವರಲ್ಲಿ ಒಬ್ಬ ನ್ಯಾಯಾಧೀಶೆ ಅದೇ ಮೊಕದ್ದಮೆಯನ್ನು ಕುರಿತ ಸಾಕ್ಷ್ಯಚಿತ್ರದಲ್ಲಿ ಭಾಗಿಯಾಗಿದ್ದುದು ಬಯಲಾಗಿ, ಮೇ ತಿಂಗಳ ಕೊನೆಗೆ ರದ್ದಾಯಿತು. ಹತ್ತಾರು ಸಾಕ್ಷಿಗಳು, ಅವನ ಹೆಣ್ಣುಮಕ್ಕಳೂ ಸೇರಿ, ನ್ಯಾಯಾಲಯದಲ್ಲಿ ನಿಂತು ಅವನು ತೀರಿಕೊಂಡ ಮನೆಯ ಸ್ಥಿತಿಯನ್ನು ವರ್ಣಿಸಿದ್ದೆಲ್ಲ ವ್ಯರ್ಥವಾಗಿ, ಮೊದಲಿನಿಂದ ನಡೆಸಬೇಕಾಯಿತು. ಸತ್ತ ಮೇಲೂ ಅವನು ಮತ್ತೊಬ್ಬರಿಗೆ ದೃಶ್ಯವಸ್ತುವೇ ಆದನು. ಕಾಸಾ ರೊಸಾಡದ ಬಾಗಿಲಲ್ಲಿ ಅಶ್ರುವಾಯುವನ್ನೂ ಲೆಕ್ಕಿಸದೆ ನಿಂತ ಜನಸ್ತೋಮದಲ್ಲಿ ಹತ್ತರಲ್ಲೊಂದು ಪಾಲಾದರೂ ಸಾನ್ ಇಸಿಡ್ರೊದ ನ್ಯಾಯಾಲಯದ ಹೊರಗೆ ನಿಂತು ಉತ್ತರ ಕೇಳಲಿ. ಕ್ಯೂಬದ ಆ ಮಹಿಳೆಯ ದೂರಿನ ವಿಚಾರಣೆಯೂ ಆಗಲೆಂದು ಅದೇ ಗಂಟಲಿನಿಂದ ಕೇಳಲಿ.